ತಂತಿ

ಸಂಸ್ಕೃತದ ತಂತ್ರೀ ಕನ್ನಡದಲ್ಲಿ ತಂತಿಯಾಗಿ ಬಹುಕಾಲ ವೀಣೆಯ ಮೇಲೆಯೇ ಇತ್ತು. ಆಮೇಲೆ ಬೇಲಿಗೆ ಬಂತು, ಬಟ್ಟೆ ಒಣಹಾಕುವ ಹಿತ್ತಲಿಗೆ ಬಂತು. ಬ್ರಿಟಿಷರು ಕಂಬ ನೆಟ್ಟು ಟೆಲಿಗ್ರಾಫ್ ಎಳೆದಾಗ ನಮ್ಮ ಜನ ಹೊಸ ಪದಕ್ಕೆ ತಡಕಾಡಲಿಲ್ಲ. ಕಂಬದ ಮೇಲಿನ ಲೋಹದ ಹೆಸರನ್ನೇ ಅದರಲ್ಲಿ ಹರಿದು ಬಂದ ಸುದ್ದಿಗೂ ಇಟ್ಟರು. 'ತಂತಿ ಕೊಟ್ಟರು', 'ತಂತಿ ಬಂತು'. ಬಂತು ಅಂದರೆ ಸಾಕು, ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು.

ಆ ತಂತಿಗೆ ಸರ್ಕಾರ ಕಿವಿಗೊಡುವ ಅಧಿಕಾರ 1885ರ ಟೆಲಿಗ್ರಾಫ್ ಕಾಯ್ದೆಯ 5ನೇ ಕಲಮಿನಲ್ಲಿತ್ತು. ಕಾಯ್ದೆಯ ವ್ಯಾಖ್ಯೆ ಹಿಗ್ಗುತ್ತಾ ಹೋಗಿ ರೇಡಿಯೊ ಅಲೆಗಳನ್ನೂ ಒಳಗೆ ಹಾಕಿಕೊಂಡಿತು. ಕನ್ನಡ ಯಾವುದನ್ನು ನಿಸ್ತಂತು ಎಂದಿತೋ ಅದೂ ಕಾನೂನಿನ ಲೆಕ್ಕದಲ್ಲಿ ತಂತಿಯೇ, ಜೇಬಿನ ಮೊಬೈಲೂ ತಂತಿಯೇ. ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಸಂದರ್ಭದಲ್ಲಿ ಒಂದು ಸಂದೇಶವನ್ನಷ್ಟೇ ಅಲ್ಲ, 'ಸಂದೇಶಗಳ ವರ್ಗ'ವನ್ನೂ ತಡೆದು ನೋಡಬಹುದಿತ್ತು. ಒಬ್ಬರದಷ್ಟೇ ಅಲ್ಲ, 'ವ್ಯಕ್ತಿಗಳ ವರ್ಗ'ದ್ದನ್ನೂ. ಈ ವರ್ಗಕ್ಕೆ ಎಲ್ಲೆ ಎಲ್ಲಿ? ಒಂದು ಊರಿಗೆ ಊರೇ ವರ್ಗವಾದೀತು.

ದೂರವಾಣಿ ಕದ್ದಾಲಿಕೆ ಎಂದರೆ ನಮ್ಮಲ್ಲಿ ಹಿರಿಯರಿಗೆ ಥಟ್ಟನೆ ನೆನಪಾಗುವುದು 1988, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ರಾಜೀನಾಮೆ. ಕಾನೂನಿಗೆ ಲಗಾಮು ಬಿದ್ದದ್ದು ಮಾತ್ರ 1996ರಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ. ಆದೇಶ ಗೃಹ ಕಾರ್ಯದರ್ಶಿಯದೇ ಆಗಿರಬೇಕು. ನಿರ್ದಿಷ್ಟ ವಿಳಾಸ, ಒಬ್ಬ ನಿರ್ದಿಷ್ಟ ವ್ಯಕ್ತಿ ಅಥವಾ ಒಂದು ನಿರ್ದಿಷ್ಟ ಸ್ಥಳ ಅದರಲ್ಲಿ ಬರೆದಿರಬೇಕು ಎಂದಿತು ಸುಪ್ರೀಂ ಕೋರ್ಟ್. ಅಂದರೆ ಎಳೆ ಎಣಿಸಿ ಮುಟ್ಟಿ, ಸಾರಾಸಗಟಾಗಿ ಬಾಚಬೇಡಿ ಎಂದು. ಅಷ್ಟು ಹೇಳಿದ ನ್ಯಾಯಾಲಯ, ಮೊದಲೇ ನ್ಯಾಯಾಧೀಶರ ಅನುಮತಿ ಬೇಕೆನ್ನಲು ಹಿಂಜರಿಯಿತು. ನನ್ನ ಮಟ್ಟಿಗೆ ತೀರ್ಪಿನ ಸಡಿಲ ಕೊಂಡಿ ಅದೇ.

ಸಾರಾಸಗಟು ಎಂದರೇನು ಎಂದು 2013ರ ಜೂನಿನಲ್ಲಿ ಲೋಕಕ್ಕೆ ಗೊತ್ತಾಯಿತು. ಅಮೆರಿಕದಲ್ಲಿ ಒಂದೇ ಒಂದು ಆದೇಶದಡಿ ದೂರವಾಣಿ ಕಂಪನಿ ವೆರಿಜಾನ್‌ನ ಗ್ರಾಹಕರ ಕರೆ ವಿವರ ದಿನಂಪ್ರತಿ ಸರ್ಕಾರಕ್ಕೆ ಸಂದಾಯವಾಗುತ್ತಿದ್ದುದನ್ನು ಅಲ್ಲಿನ ಗುಪ್ತಚರ ಸಂಸ್ಥೆಗೆ ದುಡಿದಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದರು. ಅದರ ಮರುತಿಂಗಳೇ ಇಲ್ಲಿ ತಂತಿ ಸೇವೆ ಮುಚ್ಚಿತು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು.

ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2023ರ ದೂರಸಂಪರ್ಕ ಕಾಯ್ದೆಯ ಹೆಸರಿನಲ್ಲಿ ಟೆಲಿಗ್ರಾಫ್ ಇಲ್ಲ. 'ವರ್ಗ' ಮಾತ್ರ ಹಾಗೆಯೇ ಉಳಿದಿದೆ. ಸಾಲದ್ದಕ್ಕೆ 20ನೇ ಕಲಮಿನಲ್ಲಿ 'ಸಾಧನಗಳ ವರ್ಗ' ಎಂಬುದೂ ಸೇರಿದೆ. ಆದೇಶ ಹೊರಡಿಸುವವರು ಕಾರ್ಯದರ್ಶಿಗಳು. ಅದು ಸರಿಯೇ ಎಂದು ನೋಡುವ ಪರಿಶೀಲನಾ ಸಮಿತಿಯಲ್ಲಿರುವವರೂ ಕಾರ್ಯದರ್ಶಿಗಳೇ.