ಮಂಗಳೂರಿನ ದ್ವೀಪಗಳು

ರಾಜಾಜಿನಗರದ ನಮ್ಮ ಶಾಲೆಯಲ್ಲಿ ವರ್ಷವರ್ಷವೂ ಒಂದೇ ಪಾಠ ಮಾಡಿದೆ: ಕರ್ನಾಟಕದ ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಕಡಲಿಗೂ ಹೋಬಳಿಗಳಿರುತ್ತವೆಂದು ತಡವಾಗಿ ತಿಳಿಯಿತು. ಅಂತಾರಾಷ್ಟ್ರೀಯ ಜಲಮಾಪನ ಬ್ಯೂರೋ 1953ರಲ್ಲಿ ತಂದ ಪುಸ್ತಕದಲ್ಲಿ ಕಾರವಾರದ ಸದಾಶಿವಗಡದಿಂದ ನೈಋತ್ಯಕ್ಕೆ ಗೆರೆ ಎಳೆದು, ಅದರಿಂದೀಚೆಗೆ ಮಾಲ್ಡೀವ್ಸ್‌ವರೆಗೂ ಲಕ್ಷದ್ವೀಪ ಸಮುದ್ರ ಎಂದಿದ್ದಾರೆ. ಮಲ್ಪೆಯಲ್ಲಿ ನಾವು ಕಾಲು ತೋಯಿಸಿಕೊಂಡದ್ದು ಆ ಕಡಲಿನಲ್ಲೇ!

ದ್ವೀಪಗಳೂ ಪರರವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಸೇರಿದ ಉತ್ತರದ ಅಮಿನಿದಿವಿ ಗುಂಪು 1780ರ ದಶಕದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಕೈತಪ್ಪಿ ಟಿಪ್ಪುವಿಗೆ ಸೇರಿತು. 1799ರಲ್ಲಿ ಅವನು ಮಡಿದ ಮೇಲೆ ಕಂಪನಿಗೆ. ಆಡಳಿತ ಮಂಗಳೂರಿನಿಂದ. ದಕ್ಷಿಣದ ಕವರತ್ತಿ, ಆಂದ್ರೋತ್ ಮುಂತಾದವು ಮುಂದೆ ಮಲಬಾರಿಗೆ ಸೇರಿದವು.

ಅಲ್ಲಿ ಭತ್ತ ಬೆಳೆಯದು. ಹೆಂಗಸರು ತೆಂಗಿನ ಸಿಪ್ಪೆ ಕೊಳೆಹಾಕಿ, ಬಡಿದು, ನಾರು ತೆಗೆದು ಹುರಿ ಹೊಸೆಯುತ್ತಿದ್ದರು. ಗಂಡಸರು ಅದನ್ನು ಹಾಯಿದೋಣಿಗೆ ಹೇರಿ ಮಂಗಳೂರಿಗೆ ತರುತ್ತಿದ್ದರು. ಕೊಳ್ಳುವ ಹಕ್ಕು ಸರಕಾರದ್ದು, ಬೆಲೆ ಕಟ್ಟುವುದೂ ಅದೇ. ಬದಲಿಗೆ ಅಕ್ಕಿ. ಮಳೆಗಾಲದಲ್ಲಿ ದೋಣಿ ಹೊರಡುವಂತಿಲ್ಲ. ಒಯ್ದ ಅಕ್ಕಿ ಅಷ್ಟು ತಿಂಗಳೂ ಬಾಳಬೇಕು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಬಂದ ನಮಗೆ ಆ ಲೆಕ್ಕ ಬಿಡಿಸಿ ಹೇಳಬೇಕೆ?

ಕನ್ನಡ ನಾಡು ಒಂದಾದ 1956ರ ನವೆಂಬರ್ 1ರಂದೇ ಈ ಐದು ದ್ವೀಪಗಳು ದಕ್ಷಿಣ ಕನ್ನಡದಿಂದ ಕಳಚಿಕೊಂಡು, ಉಳಿದವುಗಳ ಜೊತೆ ಕೇಂದ್ರಾಡಳಿತ ಪ್ರದೇಶವಾದವು. ಪ್ರತಿ ರಾಜ್ಯೋತ್ಸವಕ್ಕೂ ಕಪ್ಪುಹಲಗೆಯ ಮೇಲೆ ಆ ತಾರೀಕು ಬರೆದವಳು ನಾನು, ಈ ಮಾತು ಮಕ್ಕಳಿಗೆ ಹೇಳಿರಲಿಲ್ಲ. ಈಚೆಗೆ ನಕಾಶೆ ಬರೆಸುವಾಗ ಆ ಐದು ಚುಕ್ಕಿಗಳನ್ನೂ ಇಡಿಸುತ್ತೇನೆ.