ತಪ್ಪೊಪ್ಪಿಕೊಂಡ ಮೇಲೂ ಶಿಕ್ಷೆ ಪ್ರಶ್ನಿಸಬಹುದಾ? ಇಲ್ಲಿದೆ ಮಾಹಿತಿ

ಹೆಬ್ಬಾಳ: ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು, ಸಣ್ಣಪುಟ್ಟ ಗಲಾಟೆ ಕೇಸಿನವರು ‘ದಂಡ ಕಟ್ಟಿ ಮುಗಿಸೋಣ’ ಅಂತ ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುವುದುಂಟು. ಶಿಕ್ಷೆ ನಿರೀಕ್ಷೆಗಿಂತ ಜಾಸ್ತಿಯಾದರೆ ಮುಂದೇನು?

ಕಾನೂನು ಏನು ಹೇಳುತ್ತೆ?
2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 416 (ಹಳೆಯ ಸಿಆರ್‌ಪಿಸಿ 375) ಪ್ರಕಾರ, ತಪ್ಪೊಪ್ಪಿಕೊಂಡವರು ‘ನಾನು ತಪ್ಪೇ ಮಾಡಿಲ್ಲ’ ಎಂದು ಮೇಲ್ಮನವಿ ಹಾಕುವಂತಿಲ್ಲ. ಆದರೆ ಮ್ಯಾಜಿಸ್ಟ್ರೇಟ್ ಅಥವಾ ಸೆಷನ್ಸ್ ಕೋರ್ಟ್ ಕೊಟ್ಟ ಶಿಕ್ಷೆ ಅತಿಯಾಯಿತು, ಕಾನೂನುಬದ್ಧವಲ್ಲ ಎಂದು ಪ್ರಶ್ನಿಸಬಹುದು.

ಗಡುವು ಎಷ್ಟು?
* ಮ್ಯಾಜಿಸ್ಟ್ರೇಟ್ ಆದೇಶದ ವಿರುದ್ಧ ಸೆಷನ್ಸ್ ಕೋರ್ಟಿಗೆ: 30 ದಿನ
* ಸೆಷನ್ಸ್ ಆದೇಶದ ವಿರುದ್ಧ ಹೈಕೋರ್ಟಿಗೆ: 60 ದಿನ
* ರಿವಿಷನ್ ಅರ್ಜಿ: 90 ದಿನ

ತಡವಾದರೆ ಸೂಕ್ತ ಕಾರಣ ಕೊಟ್ಟು ವಿಳಂಬ ಮನ್ನಿಸುವಂತೆ ಕೇಳಬಹುದು. ಜೈಲಿನಲ್ಲಿರುವವರು ಮೇಲ್ಮನವಿಯನ್ನು ಜೈಲಧಿಕಾರಿ ಕೈಗೇ ಕೊಡಬಹುದು.

ಆಮಿಷಕ್ಕೆ ಒಪ್ಪಿಕೊಂಡಿದ್ದರೆ?
ಕರ್ನಾಟಕದ್ದೇ ‘ತಿಪ್ಪಸ್ವಾಮಿ’ ಪ್ರಕರಣ ಇಲ್ಲಿ ಮುಖ್ಯ. ಕಡಿಮೆ ಶಿಕ್ಷೆಯ ಭರವಸೆ ನಂಬಿ ಆರೋಪಿ ತಪ್ಪೊಪ್ಪಿಕೊಂಡಿದ್ದರು. ಆಮೇಲೆ ಹೈಕೋರ್ಟ್ ಶಿಕ್ಷೆ ಹೆಚ್ಚಿಸಿತು. ಇದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಂಥ ಸಂದರ್ಭದಲ್ಲಿ ಶಿಕ್ಷೆ ಹೆಚ್ಚಿಸುವ ಬದಲು ತೀರ್ಪು ರದ್ದುಮಾಡಿ, ಆರೋಪಿ ವಾದಿಸಲು ಕೇಸನ್ನು ಕೆಳಕೋರ್ಟಿಗೆ ಮರಳಿಸಬೇಕು ಎಂದಿತು.

ಗಮನಿಸಿ
ಕಾನೂನಿನಡಿಯ ‘ಪ್ಲೀ ಬಾರ್ಗೇನಿಂಗ್’ನಲ್ಲಿ ಮುಗಿದ ಕೇಸಿಗೆ ಮೇಲ್ಮನವಿ ಇಲ್ಲ, ಹೈಕೋರ್ಟಿಗೆ ರಿಟ್ ಅಥವಾ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಮಾತ್ರ.

ಉಚಿತ ನೆರವು
ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಬಂಧನದಲ್ಲಿರುವವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು. ಸಹಾಯವಾಣಿ: 15100. ಆದೇಶದ ಪ್ರತಿ ಮೊದಲು ಪಡೆದಿಟ್ಟುಕೊಳ್ಳಿ.