ಶ್ರೀರಂಗಪಟ್ಟಣ ದಸರಾ

ಶ್ರೀರಂಗಪಟ್ಟಣ ದಸರಾ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಸಂದರ್ಭದಲ್ಲಿ ನಡೆಯುವ ಉತ್ಸವ. ಮೈಸೂರು ದಸರಾದ ಮೂಲ ನೆಲೆ ಇದೇ. 1610ರಲ್ಲಿ ಅರಸು ಮನೆತನದ ಆಚರಣೆಯಾಗಿ ಇಲ್ಲಿ ಆರಂಭವಾದ ಉತ್ಸವವು ಮುಂದೆ ಮೈಸೂರಿಗೆ ಸ್ಥಳಾಂತರಗೊಂಡು, ವಿವಿಧ ಮತ ಹಾಗೂ ಸಮುದಾಯಗಳ ಜನರು ಪಾಲ್ಗೊಳ್ಳುವ ನಾಡಹಬ್ಬವಾಗಿ ಬೆಳೆಯಿತು.

ಹಿನ್ನೆಲೆ

ವಿಜಯನಗರದ ಅರಸರು ಹಂಪಿಯಲ್ಲಿ ಮಹಾನವಮಿಯನ್ನು ವೈಭವದಿಂದ ಆಚರಿಸುತ್ತಿದ್ದರು. ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ (1443) ಹಾಗೂ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ (ಸುಮಾರು 1520) ಇದನ್ನು ಕಂಡು ವರ್ಣಿಸಿದ್ದಾರೆ. ಅಲ್ಲಿ ಅಲಂಕೃತ ಆನೆ, ಕುದುರೆ ಮತ್ತು ಸೈನ್ಯದ ಪ್ರದರ್ಶನವು ಅರಸನ ಅಧಿಕಾರದ ಸಂಕೇತವಾಗಿತ್ತು.

ಶ್ರೀರಂಗಪಟ್ಟಣದಲ್ಲಿ ಆರಂಭ

ವಿಜಯನಗರದ ಪ್ರತಿನಿಧಿ ತಿರುಮಲನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರ್ 1610ರಲ್ಲಿ ಇಲ್ಲಿ ದಸರಾ ಆಚರಣೆಯನ್ನು ಆರಂಭಿಸಿದರು. ಆ ವರ್ಷ ಮಹಾನವಮಿಯ ಮುನ್ನಾದಿನ ಅವರ ಮಗ ನರಸರಾಜ ತೀರಿಕೊಂಡರೂ ಉತ್ಸವ ನಿಲ್ಲಬಾರದೆಂದು ಅವರು ನಿರ್ಧರಿಸಿದರೆಂದು ಅರಮನೆಯ ಚರಿತ್ರೆಗಳು ಹೇಳುತ್ತವೆ. ಹೈದರ್ ಅಲಿಯ ಆಡಳಿತದಲ್ಲಿಯೂ ದಸರಾ ಸಂದರ್ಭದಲ್ಲಿ ಒಡೆಯರು ಪ್ರಜೆಗಳಿಗೆ ದರ್ಶನ ನೀಡುವ ಪದ್ಧತಿ ಉಳಿದಿತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ರಾಜಧಾನಿ ಮೈಸೂರಿಗೆ ಮರಳಿತು. ದಸರಾ ಕೂಡ ಅಲ್ಲಿಗೆ ಹೋಯಿತು.

ನಾಡಹಬ್ಬವಾಗಿ ಪರಿವರ್ತನೆ

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ 1805ರಲ್ಲಿ ದಸರಾ ದರ್ಬಾರನ್ನು ಆರಂಭಿಸಿದರು. ಯುರೋಪಿಯನ್ನರಿಗಾಗಿ ಪ್ರತ್ಯೇಕ ದರ್ಬಾರು ನಡೆಯುತ್ತಿತ್ತು. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಕೈಗಾರಿಕೆ ಮತ್ತು ಕೃಷಿಯ ದಸರಾ ವಸ್ತುಪ್ರದರ್ಶನ ಸೇರಿಕೊಂಡು, ಉತ್ಸವವು ಅರಮನೆಯ ಹೊರಗಿನ ಜನರನ್ನೂ ಸೆಳೆಯಿತು.

1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯು ಮಾಜಿ ಅರಸರ ಪದವಿ ಹಾಗೂ ರಾಜಧನವನ್ನು ರದ್ದುಪಡಿಸಿತು. ಸುಮಾರು 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯಲ್ಲಿ ಅರಸರು ಕೂರುತ್ತಿದ್ದ ಸ್ಥಾನದಲ್ಲಿ ಈಗ ಚಾಮುಂಡೇಶ್ವರಿಯ ವಿಗ್ರಹವಿರುತ್ತದೆ. ಜಿಲ್ಲೆಗಳ ಸ್ತಬ್ಧಚಿತ್ರಗಳು ಮತ್ತು ಜನಪದ ಕಲಾತಂಡಗಳು ಮೆರವಣಿಗೆಯ ಭಾಗವಾಗಿವೆ. ಆನೆಗಳನ್ನು ನಡೆಸುವ ಮಾವುತರು ಹಾಗೂ ಕಾವಾಡಿಗಳಲ್ಲಿ ಜೇನುಕುರುಬ ಸಮುದಾಯದವರಿದ್ದಾರೆ.

ಉದ್ಘಾಟಕರ ಆಯ್ಕೆ

ಉತ್ಸವವು ಧಾರ್ಮಿಕ ವಿಧಿಯೋ, ಸರ್ಕಾರಿ ಕಾರ್ಯಕ್ರಮವೋ ಎಂಬ ಪ್ರಶ್ನೆ ಉದ್ಘಾಟಕರ ಆಯ್ಕೆಯ ವೇಳೆ ಎದ್ದಿದೆ. 2017ರಲ್ಲಿ ಕವಿ ಕೆ. ಎಸ್. ನಿಸಾರ್ ಅಹಮದ್ ದಸರಾ ಉದ್ಘಾಟಿಸಿದ್ದರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಲೇಖಕಿ ಬಾನು ಮುಷ್ತಾಕ್ ಅವರ ಆಯ್ಕೆಯನ್ನು ಕೆಲವರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಅನ್ಯಧರ್ಮದ ವ್ಯಕ್ತಿ ಪಾಲ್ಗೊಳ್ಳುವುದರಿಂದ ಅರ್ಜಿದಾರರ ಸಾಂವಿಧಾನಿಕ ಹಕ್ಕಿಗೆ ಧಕ್ಕೆಯಾಗುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ ಅರ್ಜಿಗಳನ್ನು ವಜಾಗೊಳಿಸಿತು. ಸುಪ್ರೀಂ ಕೋರ್ಟ್ ಕೂಡ ಮೇಲ್ಮನವಿಯನ್ನು ತಳ್ಳಿಹಾಕಿತು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು.

ಇಂದಿನ ಆಚರಣೆ

ಶ್ರೀರಂಗಪಟ್ಟಣದಲ್ಲಿ ಸರ್ಕಾರದ ನೆರವಿನಿಂದ ಮರುಜೀವ ಪಡೆದ ದಸರಾ, ಮೈಸೂರಿನ ವಿಜಯದಶಮಿ ಮೆರವಣಿಗೆಗೆ ಮೊದಲೇ ನಡೆಯುತ್ತದೆ. ಮೈಸೂರಿನ ಜಂಬೂಸವಾರಿ ಬನ್ನಿಮಂಟಪದಲ್ಲಿ ಕೊನೆಗೊಂಡರೆ, ಇಲ್ಲಿನದು ಕಿರಂಗೂರಿನ ಬನ್ನಿಮಂಟಪದಿಂದಲೇ ಹೊರಟು ಪಟ್ಟಣವನ್ನು ತಲುಪುತ್ತದೆ. ಆನೆಯ ಮೇಲಿನ ಮರದ ಅಂಬಾರಿಯಲ್ಲಿ ಚಾಮುಂಡೇಶ್ವರಿಯನ್ನು ಕೂರಿಸಲಾಗುತ್ತದೆ. ಪೂಜಾ ಕುಣಿತ, ಡೊಳ್ಳು ಕುಣಿತ, ವೀರಗಾಸೆ ಮುಂತಾದ ಕಲೆಗಳ ತಂಡಗಳು ಆನೆಯ ಮುಂದೆ ಸಾಗುತ್ತವೆ. ಪಾಂಡವಪುರ, ಕೆ. ಆರ್. ಪೇಟೆ, ನಾಗಮಂಗಲ ಸೇರಿದಂತೆ ಜಿಲ್ಲೆಯ ತಾಲ್ಲೂಕುಗಳ ಜನರಿಗೆ ಇದು ಹತ್ತಿರದ ದಸರಾ ಆಗಿದೆ.